ಹಿಂಜೋ ಮಾಸ್ತರ

ಬಬಲೇಶ್ವರ
೪ ಜುಲೈ ೧೯೭೬

ಪ್ರೀತಿಯ ನೀಲಕ್ಕನಿಗೆ,

ನೀನು ಪಕ್ಕದ ಮನೆಯಿಂದ ನಮ್ಮಲ್ಲಿಗೆ ಬಂದು ಇದನ್ನು ಗಟ್ಟಿಯಾಗಿ ಓದುತ್ತಿದ್ದೀಯ, ಎದುರಿಗೆ ಅಪ್ಪ ಗೋಡೆಗೆ ಒರಗಿ ಕೂತಿದ್ದಾನೆ, ಅವ್ವ ಒಲೆಯ ಮುಂದಿನಿಂದಲೇ ಕಿವಿ ಕೊಟ್ಟಿದ್ದಾಳೆ ಎಂದುಕೊಂಡು ಬರೆಯುತ್ತಿದ್ದೇನೆ. ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ. ಅಪ್ಪ ನನ್ನ ಟ್ರಂಕು ಹೊತ್ತು ತಂದು ಬಿಟ್ಟು ಹೋದನಲ್ಲ, ಆ ರುದ್ರವ್ವನ ಮನೆಯ ಖೋಲಿಯಲ್ಲೇ ಇದ್ದೇನೆ. ಮೊದಲ ವಾರ ಮುದುಕಿ ನನ್ನ ನೀರಿನ ತಂಬಿಗೆಯನ್ನು ಬೇರೆ ಇಟ್ಟಿದ್ದಳು. ಈಗ ಯಾವುದು ಯಾರದೆಂದು ಅವಳಿಗೇ ಮರೆತಿದೆ. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿದರೆ ಸಾಕು, "ಅಕ್ಕೋರ, ಬಿಸಿ ರೊಟ್ಟಿ ತಿಂದು ಹೋಗ್ರಿ, ಸಾಲಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ಕೂಗುತ್ತಾಳೆ.

ಎಂಟು ಮತ್ತು ಒಂಬತ್ತನೆಯ ಇಯತ್ತೆಗೆ ಇಂಗ್ಲಿಷ್ ಕಲಿಸಲು ಕೊಟ್ಟಿದ್ದಾರೆ. ಹುಡುಗರು ಬೆರಕಿ ಇದ್ದಾರೆ, ಆದರೆ ಕೆಟ್ಟವರಲ್ಲ. ಅಪ್ಪನಿಗೆ ಹೇಳು, ದಮ್ಮು ಹೆಚ್ಚಾದ ದಿನ ಬಿಲ್ಲು ಹಿಡಿದು ಗಾದಿಯ ಹತ್ತಿ ಹಿಂಜಲು ಕೂಡಬಾರದು. ಇಬ್ರಾಹಿಂಪುರದವರ ಗಾದಿಗಳು ಒಂದು ವಾರ ಗಟ್ಟಿಯಾಗಿದ್ದರೆ ಯಾರ ಬೆನ್ನೂ ಮುರಿಯುವುದಿಲ್ಲ. ಅವ್ವನ ಮಂಡಿಗೆ ಎಣ್ಣೆ ಹಚ್ಚುವವರು ಯಾರು ಎಂಬ ಚಿಂತೆ ನನಗಿದೆ. ನೀನು ಹಚ್ಚುತ್ತಿದ್ದೀಯೆಂದೂ ಗೊತ್ತಿದೆ.

ಇಲ್ಲಿಗೆ ಓದುವುದನ್ನು ನಿಲ್ಲಿಸು. ಉಳಿದದ್ದು ನಿನಗೊಬ್ಬಳಿಗೆ. ಅಪ್ಪ ಕೇಳಿದರೆ ಸೀರೆಯ ವಿಷಯ ಏನೋ ಬರೆದಿದ್ದಾಳೆ ಅನ್ನು.

ಮೊನ್ನೆ ಒಂಬತ್ತನೆಯ ಇಯತ್ತೆಯಲ್ಲಿ ಹಲಗೆಯ ಮೇಲೆ ‘ರೆಸ್ಪಾನ್ಸಿಬಿಲಿಟಿ’ ಎಂದು ಬರೆದೆ. ಇಂಗ್ಲಿಷ್ ಅಕ್ಷರಗಳ ಆ ಉದ್ದ ಸಾಲು ನೋಡಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಮಾತನ್ನು ಮೊದಲು ತುಂಡು ಮಾಡಬೇಕು, ಎಲ್ಲ ತುಂಡೂ ಒಂದೇ ತೂಕದವಲ್ಲ, ಒಂದರ ಮೇಲೆ ಮಾತ್ರ ಭಾರ ಬೀಳುತ್ತದೆ ಎಂದು ಹೇಳಲು ನಾನಿನ್ನೂ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹುಲಿಗೆವ್ವ ಅಂತ, ಕುರಿ ಕಾಯುವವರ ಮಗಳು, ಮಮದಾಪುರದಿಂದ ಬಸ್ಸಿನಲ್ಲಿ ಬರುತ್ತಾಳೆ.

ಅವಳ ಎಡಹೆಗಲು ತಾನಾಗಿ ಕೆಳಗಿಳಿಯಿತು, ಅದರ ಮೇಲೆ ಏನೋ ಭಾರ ತೂಗಿದಂತೆ. ಎಡಗೈ ಮುಂದಕ್ಕೆ ಚಾಚಿತು. ಬಲಗೈ ಮುಷ್ಟಿಯಾಯಿತು. ‘ರೆ, ಸ್ಪಾನ್, ಸಿ’ ಎಂದು ಗಾಳಿಯಲ್ಲಿ ಮೂರು ಸಣ್ಣ ಪೆಟ್ಟು. ಆಮೇಲೆ ಉಸಿರು ಹಿಡಿದು, ಮುಷ್ಟಿಯನ್ನು ಕಿವಿಯ ತನಕ ಹಿಂದಕ್ಕೆಳೆದು, ‘ಬಿ’ ಎನ್ನುವಾಗ ಒಂದು ಪೂರಾ ಪೆಟ್ಟು. ‘ಲಿ, ಟಿ’ ಎಂದು ಕೈ ಹಗುರಾಗಿ ಕೆಳಗೆ ಬಂತು.

ನೀಲಕ್ಕಾ, ಆ ಹುಡುಗಿ ಹತ್ತಿ ಹಿಂಜುತ್ತಿದ್ದಳು. ಕೈಯಲ್ಲಿ ಬಿಲ್ಲು ಇರಲಿಲ್ಲ, ಅಷ್ಟೇ.

ಇಂಗ್ಲಿಷನ್ನು ಹಾಗೆ ಓದುತ್ತಿದ್ದವನು ನನಗೆ ತಿಳಿದಂತೆ ಒಬ್ಬನೇ. ನಮ್ಮ ಸಮದಣ್ಣ ಬಿಲ್ಲು ಹೆಗಲಿಗೇರಿಸಿ ಮನೆ ಬಿಟ್ಟು ಎರಡೂವರೆ ವರ್ಷವಾಯಿತು. ನಾನು ಆ ಹುಡುಗಿಗೆ ಕೂತುಕೋ ಎನ್ನುವುದನ್ನೂ ಮರೆತು ನಿಂತುಬಿಟ್ಟೆ. ಗಂಟೆ ಹೊಡೆದ ಮೇಲೆ ಅವಳು ತಾನೇ ಕೂತಳು.

ನಿನ್ನ
ಚಾಂದಬಿ


ತಿಕೋಟಾ
೧೭ ಜುಲೈ ೧೯೭೬

ಚಾಂದೂ,

ಇನ್ನು ಮುಂದೆ ಎರಡು ಬಗೆಯ ಮಾತನ್ನು ಒಂದೇ ಕಾಗದದಲ್ಲಿ ಬರೆಯಬೇಡ. ‘ಇಲ್ಲಿಗೆ ನಿಲ್ಲಿಸು’ ಎಂಬ ಸಾಲು ಕಂಡೊಡನೆ ನಾನು ನಿಂತ ರೀತಿಗೆ ಕಾಕು ಒಲೆಯ ಮುಂದಿನಿಂದಲೇ "ಯಾಕವ್ವ, ನಾಲಿಗಿ ಕಚಗೊಂಡ್ಯಾ?" ಎಂದು ಕೇಳಿದಳು. ಒಳಗಿನ ಮಾತಿದ್ದರೆ ನಾನು ದಿನಾ ಬಸ್ಸಿನಲ್ಲಿ ಬಂದು ಹೋಗುವ ಈ ತಿಕೋಟಾದ ಶಾಲೆಗೆ ಬರೆ. ಇಲ್ಲಿ ನನ್ನ ಟಪಾಲು ಒಡೆಯುವವರು ಯಾರೂ ಇಲ್ಲ. ಎರಡನೆಯ ಇಯತ್ತೆಯ ಮಕ್ಕಳಿಗೆ ತಮ್ಮ ಹೆಸರು ಓದುವುದೇ ಸಾಕಾಗಿದೆ.

ಆ ಹುಡುಗಿಯ ವಿಷಯ. ಹೆಗಲು ಇಳಿಯಲು ನೂರು ಕಾರಣ ಇರಬಹುದು. ತಮ್ಮನನ್ನು ಎತ್ತಿಕೊಂಡು ಬೆಳೆದಿರಬಹುದು, ನೀರಿನ ಕೊಡ ಹೊತ್ತಿರಬಹುದು. ನೀನು ಒಬ್ಬಳೇ ಇದ್ದೀಯ, ಮನೆ ನೆನಪಾಗುತ್ತದೆ, ಕಂಡದ್ದೆಲ್ಲ ಅಣ್ಣನ ಹಾಗೆ ಕಾಣುತ್ತದೆ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಸುಳ್ಳು ಬರೆಯಲು ನನಗೆ ಬರುವುದಿಲ್ಲ. ನಿನ್ನ ಕಾಗದ ಓದಿದಾಗಿನಿಂದ ನನ್ನ ಕಿವಿಯಲ್ಲಿ ನಿಮ್ಮ ಹಿತ್ತಲಿನ ಸದ್ದು ನಿಂತಿಲ್ಲ. ನೀನಾಗ ಚಿಕ್ಕವಳು. ಕಾಕಾ ಹಿತ್ತಲಿನಲ್ಲಿ ಹತ್ತಿ ಹಿಂಜುತ್ತಿದ್ದರು, ಸಮದ ಅವರ ಮಗ್ಗುಲಲ್ಲಿ ಮ್ಯಾಟ್ರಿಕ್ಕಿನ ಪುಸ್ತಕ ಹಿಡಿದು ಕೂಡುತ್ತಿದ್ದ. ಉದ್ದ ಉದ್ದ ಇಂಗ್ಲಿಷ್ ಮಾತುಗಳು ಅವನ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಒಂದು ದಿನ ಕಾಕಾನ ಮರದ ಗುಂಡು ಬಿಲ್ಲಿನ ತಂತಿಗೆ ಬೀಳುವ ಲೆಕ್ಕಕ್ಕೆ ಅವನು ಮಾತನ್ನು ಹೊಂದಿಸಿ ಓದಿದ. ಸಣ್ಣ ಪೆಟ್ಟಿಗೆ ಹಗುರ ತುಂಡು, ದೊಡ್ಡ ಪೆಟ್ಟಿಗೆ ಭಾರದ ತುಂಡು. ಯಾವ ತುಂಡಿಗೆ ಭಾರ ಎಂದು ಡಿಕ್ಷನರಿಯಲ್ಲಿ ನೋಡಿ, ಅದು ಬರುವಾಗ "ಯಪ್ಪಾ, ಈಗ ಜೋರ ಬಡಿ" ಎಂದು ಹೇಳುತ್ತಿದ್ದ. ಕಾಕಾ ನಗುತ್ತ ಬಡಿಯುತ್ತಿದ್ದರು. ನಾನು ಗೋಡೆಯ ಈಚೆ ಬಟ್ಟೆ ಒಗೆಯುವ ನೆಪ ಮಾಡಿ ಕೇಳುತ್ತಿದ್ದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತೀಯಲ್ಲ ಎಂದು ನನ್ನ ತಾಯಿ ಬೈಯುತ್ತಿದ್ದಳು.

ಬಿ.ಎ. ಮುಗಿಸಿ ಮಾಸ್ತರಿಕೆಯ ಸಂದರ್ಶನಕ್ಕೆ ಹೋದಾಗ ಅವನ ಹೆಗಲು ತಾನೇ ಇಳಿಯಿತಂತೆ, ಮುಷ್ಟಿ ತಾನೇ ಎದ್ದಿತಂತೆ. ಕೇಳುವವರು ನಕ್ಕರಂತೆ. ಒಬ್ಬ "ತಮ್ಮಾ, ಗಾದಿ ತರೂದ ಮರತೇವಿ" ಎಂದನಂತೆ. ಸಮದ ಅದನ್ನು ಮನೆಯಲ್ಲಿ ತಮಾಷೆಯ ಹಾಗೆ ಹೇಳಿದ. ನಾವೂ ನಕ್ಕೆವು. ಕಾಕಾ ನಗಲಿಲ್ಲ. ಅವರಿಗೆ ಮಗನ ಮೇಲೆ ಸಿಟ್ಟು ಬಂದಿತ್ತೋ ತಮ್ಮ ಕಸುಬಿನ ಮೇಲೋ ನನಗೆ ಇವತ್ತಿಗೂ ತಿಳಿಯದು. "ಬಿಲ್ಲ ಬಿಡಾಕ ಆಗಲಿಲ್ಲಂದ್ರ ಬಿಲ್ಲ ಹೊತಗೊಂಡ ಹೋಗು" ಎಂದರು. ಬೆಳಗಾದ ಮೇಲೆ ನೋಡಿದರೆ ಎರಡನೆಯ ಬಿಲ್ಲು ಗೂಟದ ಮೇಲೆ ಇರಲಿಲ್ಲ, ಸಮದನೂ ಇರಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಇಂಗ್ಲಿಷನ್ನು ಯಾರೂ ಗಟ್ಟಿಯಾಗಿ ಓದಿಲ್ಲ. ನೀನು ಪರೀಕ್ಷೆಗೆ ನಮ್ಮ ಹಿತ್ತಲಿಗೆ ಬಂದು ಓದುತ್ತಿದ್ದೆಯಲ್ಲ.

ಆ ಹುಡುಗಿಯನ್ನು ಕೇಳು, ಯಾರು ಕಲಿಸಿದರೆಂದು. ಅಥವಾ ಕೇಳಬೇಡ. ಕಾಕಾನನ್ನು ಕೇಳಿದರೆ ಎಂದಿನಂತೆ "ಬರ್ತಾನ ತಗೊ ಯವ್ವಾ, ಎಲ್ಲಿಗಿ ಹೋಗ್ತಾನ" ಎನ್ನುತ್ತಾರೆ. ಅವರು ಅಷ್ಟು ಗಟ್ಟಿಯಾಗಿ ಹೇಳುವಾಗ ನನಗೂ ನಂಬಿಕೆ ಬರುತ್ತದೆ.

ಅಂದ ಹಾಗೆ ನನ್ನ ಅಣ್ಣ ಹೊನವಾಡದ ಒಂದು ಸಂಬಂಧ ತಂದಿದ್ದಾನೆ. ದ್ರಾಕ್ಷಿ ತೋಟ ಇದೆಯಂತೆ. ಈ ವರ್ಷ ಬೇಡ ಎಂದೆ. ಯಾಕೆ ಎಂದು ಕೇಳಿದ. ದ್ರಾಕ್ಷಿ ತಿಂದರೆ ನನಗೆ ನೆಗಡಿ ಆಗುತ್ತದೆ ಎಂದೆ.

ಇಂತಿ
ನೀಲಾಬಾಯಿ


ಬಬಲೇಶ್ವರ
೧೨ ಸೆಪ್ಟೆಂಬರ್ ೧೯೭೬

ನೀಲಕ್ಕಾ,

ಇಷ್ಟು ದಿನ ಬರೆಯಲಿಲ್ಲ ಎಂದು ಬೈಯಬೇಡ. ಹುಲಿಗೆವ್ವನನ್ನು ಕೇಳಿದೆ.

ಕೇಳಲು ಆಗಸ್ಟ್ ಪೂರ್ತಿ ತೆಗೆದುಕೊಂಡೆ. ಕೊನೆಗೆ ಒಂದು ಮಧ್ಯಾಹ್ನ ಅವಳು ಬಸ್ಸಿಗೆ ಕಾಯುತ್ತ ಶಾಲೆಯ ಕಟ್ಟೆಯ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ. "ಇಂಗ್ಲಿಷ ಹಿಂಗ ಓದೂದು ಯಾರ ಕಲಿಸಿದ್ರ ನಿನಗ?" ಎಂದೆ.

"ಹಿಂಜೋ ಮಾಸ್ತರ್ರಿ."

"ಯಾವ ಸಾಲಿ ಮಾಸ್ತರ?"

"ಸಾಲಿ ಮಾಸ್ತರ ಅಲ್ರಿ. ಗಾದಿ ಹಿಂಜಾಕ ಬಂದಿದ್ರು. ನಮ್ಮೂರಾಗ ಎಲ್ಲಾ ಹುಡುಗ್ರಿಗೂ ಅವರ ಕಲಿಸ್ಯಾರ್ರಿ."

"ಈಗ ಎಲ್ಲದಾರ?"

"ಈಗಿಲ್ರಿ" ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಎಲ್ಲಿಗೆ ಹೋದರು ಎಂದು ಕೇಳಬಹುದಾಗಿತ್ತು, ಅವಳು ಮೆಟ್ಟಿಲು ಹತ್ತುವ ತನಕ ಹೊತ್ತಿತ್ತು. ನಾನು ಅವಳ ಚೀಲ ಎತ್ತಿ ಕೊಟ್ಟೆ.

ಆಮೇಲೆ ಅವಳು ತಾನಾಗಿ ಒಂದೊಂದೇ ಹೇಳುತ್ತಾಳೆ. "ಮಾತಿನ ಬಾಲ ಹಿಡೀಬೇಕ್ರಿ ಅಕ್ಕೋರ. ಬಾಲ ನೋಡಿದ್ರ ಭಾರ ಎಲ್ಲೈತಿ ಅಂತ ತಿಳೀತೈತಿ." ಬಾಲ ‘ಷನ್’ ಆಗಿದ್ದರೆ ಅದರ ಹಿಂದಿನ ತುಂಡಿಗೇ ಪೆಟ್ಟು. ಎಜುಕೇಷನ್ನಿಗೆ ‘ಕೇ’, ಎಕ್ಸಾಮಿನೇಷನ್ನಿಗೆ ‘ನೇ’. ನನಗೂ ಸಮದಣ್ಣ ಇದನ್ನೇ ಹೇಳಿಕೊಟ್ಟಿದ್ದ. ತಲೆ ಹಿಡಿದವನು ಮೋಸ ಹೋಗುತ್ತಾನೆ, ಬಾಲ ಹಿಡಿ ಎನ್ನುತ್ತಿದ್ದ.

ಅವಳನ್ನು ಪರೀಕ್ಷೆ ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಈ ಜೂನಿನಲ್ಲಿ ಬಂದ ಹೊಸ ಪುಸ್ತಕದ ಕೊನೆಯ ಪಾಠದಿಂದ ‘ಎಲೆಕ್ಟ್ರಿಫಿಕೇಷನ್’ ತೆಗೆದು ತೋರಿಸಿದೆ. ಆ ಪುಟಕ್ಕೆ ನಾವಿನ್ನೂ ಬಂದಿಲ್ಲ. ಹುಡುಗಿ ತುಟಿಯೊಳಗೆ ತುಂಡು ಎಣಿಸಿ, ಬಾಲ ಹಿಡಿದು, ಹೆಗಲು ಇಳಿಸಿ, ‘ಕೇ’ ಎಂಬಲ್ಲಿಗೇ ಸರಿಯಾಗಿ ಬಡಿದಳು. ಸಮದಣ್ಣ ಆ ಪುಟ ನೋಡಿರಲು ಸಾಧ್ಯವೇ ಇಲ್ಲ. ಆದರೂ ಮಾತು ಬಂದದ್ದು ಅವನ ಉಸಿರಿನಲ್ಲೇ, ನೀಲಕ್ಕಾ. ಪೆಟ್ಟಿಗೆ ಮೊದಲು ಅವನು ನಿಲ್ಲುತ್ತಿದ್ದನಲ್ಲ, ಅಷ್ಟೇ ಹೊತ್ತು ನಿಂತಳು.

ಈಗ ಇನ್ನೊಂದು ತೊಂದರೆ ಶುರುವಾಗಿದೆ. ಅವಳನ್ನು ನೋಡಿ ಉಳಿದವರೂ ಕಲಿತಿದ್ದಾರೆ. ಉದ್ದ ಮಾತು ಬಂದರೆ ಇಡೀ ತರಗತಿ ಎಡಹೆಗಲು ಇಳಿಸುತ್ತದೆ. ಹೆಡ್‌ಮಾಸ್ತರರು ಕಿಟಕಿಯಲ್ಲಿ ನಿಂತು ನೋಡಿ, "ಬಾಯಾರ, ಡ್ರಿಲ್ ಮಾಡಸಾಕತ್ತೀರೇನು?" ಎಂದು ಕೇಳಿ ಹೋದರು. ನಾನು ಹಲಗೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಬೆನ್ನ ಹಿಂದೆ ಅಣ್ಣ ಓದುತ್ತಿರುತ್ತಾನೆ. ತಿರುಗಿ ನೋಡಿದರೆ ಮಕ್ಕಳಿರುತ್ತಾರೆ. ಹಾಗಾಗಿ ಸುಣ್ಣದ ಕಡ್ಡಿ ಮುಗಿಯುವ ತನಕ ತಿರುಗುವುದಿಲ್ಲ.

ಮಮದಾಪುರಕ್ಕೆ ಬಸ್ಸಿದೆ. ಶನಿವಾರ ಅರ್ಧ ದಿನ ಶಾಲೆ, ಹೋಗಿ ಬರಬಹುದು. ಒಂದು ಶನಿವಾರ ಮಳೆ ಎಂದೆ, ಇನ್ನೊಂದಕ್ಕೆ ತಲೆನೋವು ಎಂದೆ. ನಿನ್ನೆ ಯಾವ ನೆಪವೂ ಸಿಗಲಿಲ್ಲ, ಆದರೂ ಹೋಗಲಿಲ್ಲ. ನನಗೆ ಹೆದರಿಕೆಯಾಗುತ್ತದೆ.

ನಿನ್ನ
ಚಾಂದಬಿ


ತಿಕೋಟಾ
೪ ಅಕ್ಟೋಬರ್ ೧೯೭೬

ಚಾಂದೂ,

ಹೆದರುವುದಕ್ಕೆ ಏನಿದೆ? ಈಗಿಲ್ಲ ಎಂದರೆ ಮುಂದಿನ ಊರಿಗೆ ಹೋಗಿದ್ದಾನೆ. ಹತ್ತಿ ಹಿಂಜುವವರು ಒಂದೇ ಊರಲ್ಲಿ ಬೇರು ಬಿಡುವುದುಂಟೇ? ಒಂದು ಊರಿನ ಗಾದಿ ಎಷ್ಟು ದಿನ ಹಿಂಜುತ್ತಾನೆ? ಬಾಗಲಕೋಟೆಯ ಕಡೆ ಹೋಗಿರುತ್ತಾನೆ, ಜಮಖಂಡಿಗೆ ಹೋಗಿರುತ್ತಾನೆ. ಬದುಕಿದ್ದಾನೆ, ಕಲಿಸುತ್ತಿದ್ದಾನೆ, ಇಷ್ಟು ಸುದ್ದಿ ಸಿಕ್ಕಿದೆಯಲ್ಲ. ಅದನ್ನು ಓದಿದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಪೇಡೆ ಕೊಂಡು ಮಕ್ಕಳಿಗೆಲ್ಲ ಹಂಚಿದೆ. ಯಾಕೆ ಬಾಯಾರ ಎಂದು ಕೇಳಿದವು. ಸುಮ್ಮನೆ ತಿನ್ನಿರಿ ಎಂದೆ.

ಕಾಕಾಗೆ ಹೇಳಿಬಿಡಬೇಕೆಂದು ಬಾಯಿ ತುದಿಗೆ ಬಂದಿತ್ತು. ನಿನ್ನನ್ನು ಕೇಳದೆ ಹೇಳಬಾರದೆಂದು ತಡೆದುಕೊಂಡೆ. ಬಳಸಿ ಕೇಳಿದೆ ಅಷ್ಟೇ. "ಕಾಕಾ, ಸುಗ್ಗ್ಯಾಗ ಹಳ್ಳಿ ತಿರಗಾಕ ಹೋಗ್ತೀರಲ್ಲ, ಮಮದಾಪುರದ ಕಡೆ ಹೋಗೀರೇನು?" ಅವರು ಬಿಲ್ಲಿನ ತಂತಿ ಬಿಗಿಯುತ್ತಿದ್ದರು. ತಲೆ ಎತ್ತದೆ, "ಆ ಕಡೆ ಹತ್ತಿ ಕಮ್ಮಿ ಯವ್ವಾ. ನಾ ಹೋಗಂಗಿಲ್ಲ" ಎಂದರು.

ಕಾಕು ಮೊನ್ನೆ ಸಮದನ ಗಾದಿಯನ್ನು ಮತ್ತೆ ಬಿಚ್ಚಿದಳು. ವರ್ಷಕ್ಕೊಮ್ಮೆ ಬಿಚ್ಚುತ್ತಾಳೆ, ಗೊತ್ತಲ್ಲ. ಮಲಗದೆ ಇಟ್ಟ ಗಾದಿ ಗಂಟುಗಟ್ಟುತ್ತದಂತೆ, ಬಂದವನು ಗಟ್ಟಿ ಗಾದಿಯ ಮೇಲೆ ಮಲಗಬಾರದಂತೆ. ಕಾಕಾ ಹತ್ತಿಯನ್ನೆಲ್ಲ ಹಿಂಜಿ ಕೊಟ್ಟರು. ಕಾಕು ಹೊಲಿಯುತ್ತ ಕೂತಳು, ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ದಮ್ಮು ಹೆಚ್ಚಾಗಿ ಕಾಕಾ ಹೊರಗೆ ಹೋಗಿ ಬಹಳ ಹೊತ್ತು ಕೆಮ್ಮುತ್ತ ನಿಂತಿದ್ದರು.

ಮಮದಾಪುರಕ್ಕೆ ಹೋಗು. ನೀನು ಹೋಗದಿದ್ದರೆ ನಾನೇ ಬರುತ್ತೇನೆ. ಹೊನವಾಡದವರಿಗೆ ಸಂಕ್ರಾಂತಿಯ ತನಕ ತಡೆಯಿರಿ ಎಂದಿದ್ದೇನೆ. ಅವರು ಒಳ್ಳೆಯವರು, ತಡೆಯುತ್ತೇವೆ ಎಂದಿದ್ದಾರೆ. ಕೆಟ್ಟವರಾಗಿದ್ದರೆ ನನಗೆ ಸುಲಭ ಆಗುತ್ತಿತ್ತು.

ಉತ್ತರ ಬೇಗ ಬರೆ.

ನಿನ್ನ
ನೀಲಾ


ಬಬಲೇಶ್ವರ
೨೩ ಜನವರಿ ೧೯೭೭

ನೀಲಕ್ಕಾ,

ನಿನ್ನ ಎರಡು ಕಾಗದಗಳಿಗೆ ಉತ್ತರ ಕೊಡದೆ ಕೂತೆ. ದೀಪಾವಳಿ ಸೂಟಿಗೆ ಬಂದಾಗಲೂ ನಿನ್ನ ಕಣ್ಣು ತಪ್ಪಿಸಿ ತಿರುಗಿದೆ. ನೀನು ಪೇಡೆ ಹಂಚಿದ್ದನ್ನು ಓದಿದ ಮೇಲೆ ಮಮದಾಪುರದ ಬಸ್ಸು ಹತ್ತಲು ನನಗೆ ಇನ್ನೂ ಕಷ್ಟವಾಯಿತು.

ಈ ಗುರುವಾರ ರುದ್ರವ್ವ ಸಂತೆಯಿಂದ ಬಂದವಳೇ, "ನಿಮ್ಮಪ್ಪಾರು ಬಂದು ಹೋದ್ರೇನ್ರಿ?" ಎಂದು ಕೇಳಿದಳು. ಇಲ್ಲವಲ್ಲ ಎಂದೆ. "ಬಸ್‌ಸ್ಟ್ಯಾಂಡಿನ್ಯಾಗ ನೋಡಿನ್ರಿ. ಹೆಗಲ ಮ್ಯಾಲ ಬಿಲ್ಲಿತ್ತು. ಮಮದಾಪುರದ ಬಸ್ಸ ಹತ್ತಿದ್ರು. ಕರದ್ನಿ, ಕೇಳಿಸಲಿಲ್ಲ ಕಾಣತೈತಿ" ಎಂದಳು. ಮಗಳು ಇರುವ ಊರಿನಲ್ಲಿ ಬಸ್ಸು ಬದಲಿಸಿ, ಮಗಳ ಮುಖ ನೋಡದೆ ಹೋದ ಅಪ್ಪನನ್ನು ನೀನು ಕಂಡಿದ್ದೀಯಾ? ಬರುವಾಗ ಬಂದಾನು ಎಂದು ಶುಕ್ರವಾರ ಸಂಜೆಯ ತನಕ ಕಾದೆ. ಬರಲಿಲ್ಲ. ನಿನ್ನೆ ಶಾಲೆ ಬಿಟ್ಟ ಮೇಲೆ ಹುಲಿಗೆವ್ವನ ಜೊತೆ ನಾನೂ ಬಸ್ಸು ಹತ್ತಿದೆ.

ಅವಳ ಮನೆ ಕೆರೆಯ ದಂಡೆಗಿದೆ. ಅಪ್ಪ ರಾಯಪ್ಪ ಕುರಿ ಹಟ್ಟಿಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಹುಡುಗಿ, ನಮ್ಮ ಅಕ್ಕೋರು ಹಿಂಜೋ ಮಾಸ್ತರನ್ನು ಕೇಳಿಕೊಂಡು ಬಂದಿದ್ದಾರೆ ಎಂದಳು. ರಾಯಪ್ಪ ನನ್ನ ಮುಖವನ್ನೇ ನೋಡಿದ.

"ಮಾಸ್ತರ ನಿಮಗ ಏನಾಗಬೇಕ್ರಿ?"

"ನಮ್ಮಣ್ಣ."

ಅವನು ಹಗ್ಗ ಕೆಳಗಿಟ್ಟ. "ಮಸೂತಿ ಹಿಂದ ಮಣ್ಣ ಮಾಡೇವ್ರಿ ಯವ್ವಾ" ಎಂದ.

ಅಣ್ಣ ಇಲ್ಲ, ನೀಲಕ್ಕಾ. ಮನೆ ಬಿಟ್ಟ ವರ್ಷದ ಮಳೆಗಾಲದಲ್ಲೇ ತೀರಿಹೋಗಿದ್ದಾನೆ. ನಿನಗೆ ಹೇಗೆ ಬರೆಯಬೇಕೆಂದು ತಿಳಿಯದೆ ಇದ್ದ ಹಾಗೆ ಬರೆಯುತ್ತಿದ್ದೇನೆ.

ಸುಗ್ಗಿಯಲ್ಲಿ ಬಂದವನು ಊರಿನ ಗಾದಿಗಳೆಲ್ಲ ಮುಗಿದ ಮೇಲೂ ಹೋಗಲಿಲ್ಲವಂತೆ. ಹಿಂಜುವಾಗ ಹುಡುಗರು ಸುತ್ತ ಕೂಡುತ್ತಿದ್ದರು. ಒಬ್ಬನ ಚೀಲದಿಂದ ಇಂಗ್ಲಿಷ್ ಪುಸ್ತಕ ಎಳೆದು, ಒಂದು ಮಾತು ಹೇಳಿ, ತಂತಿಗೆ ಬಡಿದು ತೋರಿಸಿದನಂತೆ. ಅಲ್ಲಿಂದ ಶುರು. ಊರವರು ರೊಟ್ಟಿ ಕೊಟ್ಟರು, ಮಲಗಲು ಮಸೂತಿಯ ಕಟ್ಟೆ ಕೊಟ್ಟರು. ಯಾವ ಊರು ಎಂದು ಕೇಳಿದರೆ ನಕ್ಕು ತಂತಿಗೆ ಇನ್ನೊಂದು ಪೆಟ್ಟು ಕೊಡುತ್ತಿದ್ದ. ಮಳೆಗಾಲದಲ್ಲಿ ಜ್ವರ ಬಂತು. ಗಾಡಿ ಕಟ್ಟಿ ದವಾಖಾನೆಗೆ ಹೊರಟರು, ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯಲಿ ಎಂದು ಕಾಯುವಾಗ ಗಾಡಿಯಲ್ಲೇ ಹೋದ. ರಾಯಪ್ಪ ಹೇಳುತ್ತ ಹೇಳುತ್ತ ಅತ್ತ.

ಅಷ್ಟೇ ಆಗಿದ್ದರೆ ನಾನು ರಾತ್ರಿಯೇ ಇಬ್ರಾಹಿಂಪುರಕ್ಕೆ ಓಡಿ ಬರುತ್ತಿದ್ದೆ. ಇನ್ನೊಂದಿದೆ. ರಾಯಪ್ಪ, "ನಿಮ್ಮಪ್ಪಾರ ಹೇಳಿಲ್ಲೇನ್ರಿ? ನಿನ್ನೆನ ಹೋದ್ರಲ್ರಿ" ಎಂದ.

ಅಣ್ಣ ಹೋದ ಮರುಸುಗ್ಗಿಯಲ್ಲಿ ಅಪ್ಪ ಆ ಊರಿಗೆ ಹೋಗಿದ್ದಾನೆ. ಅವನಿಗೆ ಏನೂ ಗೊತ್ತಿರಲಿಲ್ಲ, ಮಗನನ್ನು ಹುಡುಕುತ್ತ ಊರೂರು ತಿರುಗುತ್ತಿದ್ದನಂತೆ. ಆ ಊರಿಗೆಲ್ಲ ಅಪ್ಪನೀಗ ಅಜ್ಜ, ಮುತ್ಯಾ. ರಾಯಪ್ಪನ ಮಾತಲ್ಲೇ ಕೇಳು. "ಮುತ್ಯಾ ಬಿಲ್ಲ ಹೊತ್ತು ಊರಾಗ ಕಾಲಿಟ್ಟದ್ದ ತಡ, ಹುಡುಗ್ರು ಬೆನ್ನ ಹತ್ತಿದ್ವು. ಬಿಲ್ಲ ಹೊತ್ತಾವ್ರಿಗೆಲ್ಲಾ ಇಂಗ್ಲೀಸ ಬರ್ತೈತಿ ಅಂತ ತಿಳಕೊಂಡಿದ್ವುರಿ. ಒಂದು ಎಜುಕೇಸನ್ ಅಂತೈತಿ, ಒಂದು ಎಗ್ಜಾಮಿನೇಸನ್ ಅಂತೈತಿ, ಎಲ್ಲಾವೂ ಹೆಗಲ ಇಳಸ್ತಾವ, ಬಡೀರಿ ಮುತ್ಯಾ, ಬಡೀರಿ ಅಂತಾವ. ಮುತ್ಯಾ ಹಾದ್ಯಾಗ ಕುಂತಬಿಟ್ರಿ." ಮಗ ಎಲ್ಲಿ ಎಂದು ಅಪ್ಪ ಯಾರನ್ನೂ ಕೇಳಬೇಕಾಗಲಿಲ್ಲ. ಮಕ್ಕಳೇ ಕೈ ಹಿಡಿದು ಮಸೂತಿಯ ಹಿಂದೆ ಕರೆದುಕೊಂಡು ಹೋದವಂತೆ.

ಆಮೇಲೆ ವರ್ಷಕ್ಕೊಮ್ಮೆ ಹೋಗುತ್ತಾನೆ. ಗೋರಿಯ ಹತ್ತಿರ ಕೂತು, ಮಕ್ಕಳಿಂದ ಉದ್ದ ಮಾತು ಹೇಳಿಸಿ, ತಾನು ತಂತಿಗೆ ಬಡಿಯುತ್ತಾನೆ. "ತಪ್ಪ ಬಡೀತಾರ್ರಿ. ‘ಅಲ್ಲಲ್ಲ ಮುತ್ಯಾ, ಅದರ ಮುಂದಿಂದಕ್ಕ’ ಅಂತ ಹುಡುಗ್ರು ಮತ್ತ ಹೇಳ್ತಾವ. ಮತ್ತೂ ತಪ್ಪತಾರ. ಮೊದಮೊದಲ ಬರಂಗಿಲ್ಲ ಅಂದ್ಕೊಂಡಿದ್ನಿ. ಈಗ ನನಗ ಅನಸ್ತೈತಿ, ಬೇಕಂತನ ತಪ್ಪತಾರ್ರಿ" ಎಂದ ರಾಯಪ್ಪ.

ಮನೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರ ಗಟ್ಟಿಯಾಗಿ ಓದಗೊಡದ ಅಪ್ಪ, ನೀಲಕ್ಕಾ.

ಗೋರಿಗೆ ಮಕ್ಕಳು ಕೆರೆಯ ಮಣ್ಣು ಮೆತ್ತಿ ಚೆನ್ನಾಗಿಟ್ಟಿದ್ದಾರೆ. ಅಲ್ಲಿ ಕೂತು ಅತ್ತೆ. ಹುಲಿಗೆವ್ವ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಇದನ್ನು ಬೇಕೆಂದೇ ನಿನ್ನ ಶಾಲೆಗೆ ಬರೆಯುತ್ತಿದ್ದೇನೆ. ಅವ್ವನಿಗೆ ಓದಿ ಹೇಳುವುದೋ ಬಿಡುವುದೋ ನೀನೇ ನೋಡು. ನನಗೆ ಅಪ್ಪನ ಮೇಲೆ ನನ್ನ ಸಲುವಾಗಿ ಸಿಟ್ಟು ಬರುತ್ತಿಲ್ಲ. ನಿನ್ನ ಸಲುವಾಗಿ ಬರುತ್ತಿದೆ. ಬರ್ತಾನ ತಗೊ ಎಂದು ಎರಡು ವರ್ಷ ನಿನ್ನ ಮುಖ ನೋಡಿ ಹೇಗೆ ಹೇಳಿದ? ನೀನು ಯಾಕೆ ಕಾಯುತ್ತಿದ್ದೀಯೆಂದು ನಾನು ಯಾವತ್ತೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ.

ನಿನ್ನ
ಚಾಂದಬಿ


ಇಬ್ರಾಹಿಂಪುರ, ವಿಜಾಪುರ
೨೮ ಜನವರಿ ೧೯೭೭

ಚಾಂದೂ,

ನಿನ್ನ ಕಾಗದ ನಿನ್ನೆ ಬಂತು. ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಖುರ್ಚಿಯಲ್ಲಿ ಕೂತು ಓದಿದೆ. ಎರಡನೆಯ ಇಯತ್ತೆಯ ಮಕ್ಕಳ ಮುಂದೆ ಅಳುವ ಹಾಗಿಲ್ಲ, ಅವೂ ಅಳಲು ಶುರು ಮಾಡುತ್ತವೆ. ತಿಕೋಟಾದಿಂದ ಬರುವ ಬಸ್ಸಿನಲ್ಲೂ ಅಳಲಿಲ್ಲ. ಸಿಟ್ಟು ಅಷ್ಟಿತ್ತು. ಮನೆಗೂ ಹೋಗದೆ ನೆಟ್ಟಗೆ ನಿಮ್ಮ ಮನೆಗೆ ಹೋದೆ.

ಕಾಕಾ ಪಡಸಾಲೆಯಲ್ಲಿ ಯಾರದೋ ಗಾದಿ ಹೊಲಿಯುತ್ತಿದ್ದರು. "ಮಮದಾಪುರಕ್ಕ ಹೋಗಂಗಿಲ್ಲ ಅಂದಿದ್ರಿ" ಎಂದೆ. ಅವರ ಸೂಜಿ ನಿಂತಿತು.

"ಚಾಂದಿ ಹೋಗಿದ್ಲೇನು?"

"ಹೋಗಿದ್ಲು. ಎಲ್ಲಾ ಕೇಳಿಕೊಂಡ ಬಂದಾಳ. ದಿನಾ ಕೇಳೇನಿ ಕಾಕಾ ನಿಮಗ. ದಿನಾ ಬರ್ತಾನ ಅಂದೀರಿ. ನನ್ನ ಬಾಳೇವು ಅಂದ್ರ ಏನಂತ ತಿಳಕೊಂಡ್ರಿ ನೀವು?"

ಕಾಕಾ ಸೂಜಿಯನ್ನು ಗಾದಿಗೆ ಚುಚ್ಚಿ ಇಟ್ಟರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ಹೇಳಿದ್ರ ನೀ ಈ ಮನಿಗಿ ಬರ್ತಿದ್ದ್ಯಾ ಯವ್ವಾ? ಸಂಜೀಕ ನೀ ಆ ಬಾಗಲದಾಗ ಬಂದು ನಿಂತ್ರ, ನಿನ್ನ ಹಿಂದ ಅವನೂ ಬರಾಕತ್ತಾನ ಅನಸ್ತಿತ್ತು ನನಗ. ಹೇಳಿದ್ರ ಅವನ ಸಂಗಾಟ ನೀನೂ ಹೋಗ್ತಿದ್ದಿ."

ಆ ಮಾತು ಕೇಳಿ ನನ್ನ ಸಿಟ್ಟೆಲ್ಲ ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಇದೆ. ಬಹಳ ದಿನ ಇರುತ್ತದೆ. ನನಗೆ ಸಮದನೆಂದರೆ ಪ್ರಾಣ, ಚಾಂದೂ. ಇದನ್ನು ಯಾರಿಗೂ ಹೇಳಿಲ್ಲ, ಅವನಿಗೂ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಅದು ಕಾಕಾಗೆ ಗೊತ್ತಿತ್ತು ಎಂದು ನಿನ್ನೆ ತಿಳಿಯಿತು. ಗೊತ್ತಿದ್ದೂ ನನ್ನನ್ನು ಕಾಯಿಸಿದರು. ಎದ್ದು ಹೋಗಬೇಕೆಂದುಕೊಂಡೆ.

ಅಷ್ಟರಲ್ಲಿ ಕಾಕು ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. ನನ್ನ ಕೈಯಲ್ಲಿ ಕಾಗದ ನೋಡಿ, "ಚಾಂದಿ ಬರದಾಳೇನು? ಓದವ್ವ" ಎಂದು ಕೂತಳು. ಕಾಕಾ ನನ್ನ ಕಡೆ ನೋಡಿದರು. "ಇವತ್ತ ಬ್ಯಾಡ, ನಾಳಿಗಿ ಓದ್ತಾಳ ಬಿಡು" ಎಂದರು.

ನಾನು ಓದಿದೆ. ಮೊದಲಿನಿಂದ ಕೊನೆಯ ತನಕ, ನೀನು ಬರೆದದ್ದನ್ನೆಲ್ಲ. ನನ್ನ ಹೆಸರು ಬಂದಲ್ಲೂ ಬಿಡಲಿಲ್ಲ. ಜುಲೈಯಲ್ಲಿ ನಿನ್ನ ಕಾಗದವನ್ನು ನಾನು ಆ ಮನೆಯಲ್ಲಿ ಅರ್ಧ ಓದಿ ನಿಲ್ಲಿಸಿದ್ದೆ, ಇದನ್ನು ಅರ್ಧಕ್ಕೆ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಹೆತ್ತವಳಿಗೆ ಅಳುವ ಹಕ್ಕಾದರೂ ಸಿಗಬೇಕಿತ್ತು.

ಕಾಕು ಕೂಗಲಿಲ್ಲ. ಕೈಗೆ ಹತ್ತಿದ ಹಿಟ್ಟನ್ನು ಬೆರಳಿನಿಂದ ಉಜ್ಜುತ್ತ ಕೂತಿದ್ದಳು. ಓದಿ ಮುಗಿದ ಮೇಲೆ ಗಂಡನ ಕಡೆ ತಿರುಗಿದಳು.

"ನೀವು ಹೋಗಿದ್ರಿ?"

"ಹೂಂ."

"ವರ್ಷಾ ಹೋಗ್ತೀರಿ?"

"ಹೂಂ."

"ನನ್ನ ಬಿಟ್ಟು?"

ಆಮೇಲೆ ಕಾಕು ಅತ್ತಳು. ಓಣಿಯವರೆಲ್ಲ ಬಂದರು, ನಾನು ಯಾರಿಗೆ ಏನು ಹೇಳಿದೆನೋ ನೆನಪಿಲ್ಲ. ನಾನೂ ಅಲ್ಲೇ, ಅವಳ ತೊಡೆಯ ಮೇಲೆ ತಲೆ ಇಟ್ಟು ಅತ್ತೆ. ಕಾಕು ಆ ದುಃಖದಲ್ಲೂ ನನ್ನ ಕೂದಲಿನಲ್ಲಿ ಕೈಯಾಡಿಸುತ್ತಿದ್ದಳು. ನೆರೆಯವರು ನೋಡಿದರು, ನೋಡಲಿ.

ಇವತ್ತು ಬೆಳಿಗ್ಗೆ ಹೋದಾಗ ಅವಳು ಮೈತೊಳೆದು, ಚಾದರ ಹೊದ್ದು, ಬಾಗಿಲಲ್ಲಿ ನಿಂತಿದ್ದಳು. "ಬಸ್ಸ ಎಷ್ಟಕ್ಕ?" ಎಂದಳು. ಮಕ್ಕಳು ಶಾಲೆಗೆ ಹೋಗಿರುತ್ತವೆ, ಭಾನುವಾರವಾದರೆ ಎಲ್ಲವೂ ಊರಲ್ಲಿ ಸಿಗುತ್ತವೆ ಎಂದು ಹೇಳಿ ತಡೆದಿದ್ದೇನೆ. ಕಾಕಾ ಒಂದು ಮೂಲೆಯಲ್ಲಿ ಕೂತಿದ್ದರು. ಕಾಕು ಅವರ ಕಡೆ ನೋಡದೆ, "ಹಾದಿ ಗೊತ್ತಿದ್ದಾವ್ರು ಮುಂದ ನಡೀರಿ" ಎಂದಳು. ಆಮೇಲೆ ನನಗೆ, "ನೀನೂ ನಡಿ. ನೀ ಯಾಕ ಉಳೀತಿ?" ಎಂದಳು.

ಹಾಗಾಗಿ ಈ ಭಾನುವಾರ ಮೊದಲ ಬಸ್ಸಿಗೆ ಮೂವರೂ ಬರುತ್ತೇವೆ. ನೀನು ಬಬಲೇಶ್ವರದಲ್ಲಿ ನಮ್ಮನ್ನು ಕೂಡಿಕೋ. ಟಪಾಲಿಗೆ ಹಾಕಿದರೆ ಇದು ನಮ್ಮ ಹಿಂದೆ ಬಂದೀತೆಂದು ನಿಮ್ಮೂರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೇನೆ. ಹೊನವಾಡದವರಿಗೆ ಅಲ್ಲಿಂದ ಬಂದ ಮೇಲೆ ಉತ್ತರ ಹೇಳುತ್ತೇನೆ. ಹೌದೋ ಅಲ್ಲವೋ, ಈ ಸಲದ ಉತ್ತರ ನನ್ನದೇ ಇರುತ್ತದೆ.

ಹುಲಿಗೆವ್ವನಿಗೆ ಹೇಳಿ ಮಕ್ಕಳನ್ನೆಲ್ಲ ಸೇರಿಸಿಡು. ಕಾಕು ಪಕ್ಕದಲ್ಲೇ ಕೂತು, ಇದನ್ನು ಬರೆಯಲೇಬೇಕು ಎನ್ನುತ್ತಿದ್ದಾಳೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ. "ಹುಡುಗ್ರಿಗೆ ಹೇಳವ್ವ ಚಾಂದಿ, ಸಣ್ಣ ಸಣ್ಣ ಮಾತ ಬ್ಯಾಡ. ಇದ್ದದ್ರಾಗ ಭಾಳ ಉದ್ದಾನವ ಆರಿಸಿ ಹೇಳ್ಲಿ. ಲಗೂನ ಮುಗೀಬಾರದು."

ನಿನ್ನ
ನೀಲಾ